ಎರಡೇ ಮಾತು ಬಲ್ಲ ತಂತಿ

ಹಂಪೆಯ ವಿರೂಪಾಕ್ಷ ದೇವಾಲಯದ ಬಳಿಯ ಸ್ನಾನಘಟ್ಟದಲ್ಲಿ ನಿಂತು ಹೊಳೆಯಾಚೆ ಕಣ್ಣು ಹಾಯಿಸಿದರೆ ಹಸಿರು ಗದ್ದೆಗಳ ಒಂದು ನಡುಗಡ್ಡೆ ಕಾಣುತ್ತದೆ. ಅದೇ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆ. ತುಂಗಭದ್ರೆ ಶಾಂತಳಾಗಿದ್ದಾಗ ಇದಕ್ಕಿಂತ ರಮಣೀಯವಾದ ಸ್ಥಳವಿಲ್ಲ. ಆದರೆ ನದಿಯ ಮೇಲ್ಭಾಗದಲ್ಲಿ, 1953ರಲ್ಲಿ ನೀರು ನಿಂತ ಅಣೆಕಟ್ಟಿನ 33 ಬಾಗಿಲುಗಳು ಮಳೆಗಾಲದಲ್ಲಿ ತೆರೆದಾಗ ಗಡ್ಡೆಗೆ ಹೊರಜಗತ್ತಿನ ಸಂಪರ್ಕವೇ ತಪ್ಪಿಹೋಗುವುದುಂಟು. 2019ರ ಆಗಸ್ಟ್ ತಿಂಗಳಲ್ಲಿ ಇಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳ ನೆರವಿನಿಂದ ಪಾರುಮಾಡಬೇಕಾಯಿತು. ಇಂಥ ಸ್ಥಳದಲ್ಲಿ “ನೀರು ಗುರುತು ಮೀರಿತೆ?” ಎಂಬ ಪ್ರಶ್ನೆಗೆ ಸಕಾಲದಲ್ಲಿ ದೊರೆಯುವ ಉತ್ತರ ಪ್ರಾಣದಷ್ಟು ಬೆಲೆಯುಳ್ಳದ್ದು.

ಈ ಪ್ರಶ್ನೆಗೆ ಹೌದು, ಇಲ್ಲ ಎಂಬ ಎರಡೇ ಉತ್ತರಗಳು. ಇಂಥ ಉತ್ತರಗಳನ್ನು ತಂತಿಯ ಮೂಲಕ ಕೇಳಿಸಿಕೊಂಡು, ಕೊಟ್ಟ ಸೂಚನೆಯಂತೆ ಗಂಟೆ ಬಾರಿಸುವ, ಪಂಪು ನಿಲ್ಲಿಸುವ ಯಂತ್ರವೊಂದುಂಟು. ಅದರ ಹೆಸರು ಪ್ರೋಗ್ರಾಮಬಲ್ ಕಂಟ್ರೋಲರ್. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ, ಗೋಡೆಯುದ್ದದ ರಿಲೇ ಪೆಟ್ಟಿಗೆಗಳ ಬದಲಿಗೆ ಸುಲಭವಾಗಿ ಮಾರ್ಪಡಿಸಬಹುದಾದ ಸಾಧನವೊಂದನ್ನು ಬಯಸಿತು. ಆ ಕಾಲದಲ್ಲಿಯೇ ಇಂಥ ಯಂತ್ರವನ್ನು ಕಲ್ಪಿಸಿದ ರಿಚರ್ಡ್ ಮಾರ್ಲಿ ಮತ್ತು ಅವರ ಸಂಗಡಿಗರ ಶ್ರಮದ ಫಲವೇ ‘ಮೋಡಿಕಾನ್’. ಇಂದು ಕಾರ್ಖಾನೆ, ಗಿರಣಿ, ನೀರು ಸರಬರಾಜು ಕೇಂದ್ರಗಳಲ್ಲೆಲ್ಲ ಇದರ ಸಂತತಿ ಹಬ್ಬಿದೆ.

ಯಂತ್ರದ ಮಿದುಳು ಬಹು ಸುಕುಮಾರವಾದುದು. ಐದು ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ತನ್ನು ಅದು ತಾಳದು. ಹೊರಗಿನ ಸ್ವಿಚ್ಚುಗಳಿಂದ ಬರುವುದಾದರೋ ಸಾಮಾನ್ಯವಾಗಿ 24 ವೋಲ್ಟಿನ ನೇರ ವಿದ್ಯುತ್ತು. ಇವೆರಡರ ನಡುವೆ ದ್ವಾರಪಾಲಕನಂತೆ ನಿಂತಿರುವುದೇ ಡಿಜಿಟಲ್ ಇನ್‌ಪುಟ್ ಮಾಡ್ಯೂಲ್. ಅನೇಕ ಮಾಡ್ಯೂಲುಗಳಲ್ಲಿ ಹೊರಗಿನ ವಿದ್ಯುತ್ತು ಒಂದು ಪುಟ್ಟ ದೀಪವನ್ನು ಹೊತ್ತಿಸುತ್ತದೆ. ಒಳಗಿನ ಭಾಗ ಆ ಬೆಳಕನ್ನು ಮಾತ್ರ ಗ್ರಹಿಸುತ್ತದೆ. ಹೊಳೆಯ ಈ ದಡದಲ್ಲಿ ಲಾಂದ್ರ ತೋರಿಸಿ ಆ ದಡದವರಿಗೆ ಸುದ್ದಿ ಮುಟ್ಟಿಸಿದಂತೆ! ಬಳಕೆಯಲ್ಲಿರುವ ಮಾದರಿಗಳಲ್ಲಿ 15 ವೋಲ್ಟಿಗೆ ಮೇಲಿದ್ದರೆ ‘ಹೌದು’, 5 ವೋಲ್ಟಿಗೆ ಕೆಳಗಿದ್ದರೆ ‘ಇಲ್ಲ’. ನಡುವಿನದು ಸಂದೇಹದ ವಲಯ. ಅಲ್ಲಿ ಮಾಡ್ಯೂಲಿನ ಮಾತನ್ನು ನಂಬಲಾಗದು.

ತಂತಿ ಜೋಡಿಸುವವನ ಮೊದಲ ಕರ್ತವ್ಯ ವಿದ್ಯುತ್ತನ್ನು ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಮೀಟರು ಹಿಡಿದು ಪರೀಕ್ಷಿಸುವುದು. ಅನಂತರ ಮಾಡ್ಯೂಲಿನ ಮೇಲಿನ ಬರಹವನ್ನು ಓದಬೇಕು. 24 ವೋಲ್ಟಿನದಕ್ಕೆ 230 ವೋಲ್ಟು ಕೊಟ್ಟರೆ ಸುಟ್ಟುಹೋಗುವುದು ನಿಶ್ಚಯ. ಸಾಮಾನ್ಯ ಜೋಡಣೆಯಲ್ಲಿ ವಿದ್ಯುತ್ತು ಧನ ತುದಿಯಿಂದ ಹೊರಟು, ಫ್ಯೂಸನ್ನೂ ಸ್ವಿಚ್ಚನ್ನೂ ದಾಟಿ ಮಾಡ್ಯೂಲನ್ನು ಹೊಕ್ಕು, ‘ಕಾಮನ್’ ಎಂಬ ತುದಿಯಿಂದ ಋಣದತ್ತ ಮರಳುತ್ತದೆ. ಈ ವರ್ತುಲ ಪೂರ್ಣವಾಗದೆ ಸುದ್ದಿ ತಲುಪದು. ಬರಿಯ ಸ್ವಿಚ್ಚಿಗೆ ದಿಕ್ಕಿನ ಹಂಗಿಲ್ಲ. ಎಲೆಕ್ಟ್ರಾನಿಕ್ ಸಂವೇದಕಗಳಲ್ಲಿ ಮಾತ್ರ ಎರಡು ಜಾತಿ: ಪಿ.ಎನ್.ಪಿ. ವಿದ್ಯುತ್ತನ್ನು ಮಾಡ್ಯೂಲಿಗೆ ನೀಡುತ್ತದೆ, ಎನ್.ಪಿ.ಎನ್. ಅದರಿಂದ ಸೆಳೆಯುತ್ತದೆ. ಜಾತಕ ಕೂಡದಿದ್ದರೆ ಮಾಡ್ಯೂಲು ಮೌನ ತಾಳುತ್ತದೆ.

ಮೋಟಾರಿನ 415 ವೋಲ್ಟಿನ ತಂತಿಗಳ ಪಕ್ಕದಲ್ಲಿಯೇ ಈ ಸೂಕ್ಷ್ಮ ತಂತಿಗಳನ್ನು ಎಳೆಯುವುದೂ ಅಪಾಯಕರ. ಬಲಿಷ್ಠನ ಗದ್ದಲದಲ್ಲಿ ದುರ್ಬಲನ ಮಾತು ಕೆಡುತ್ತದೆ. ಇಲ್ಲದ ಸುದ್ದಿ ಹುಟ್ಟಿಕೊಳ್ಳುತ್ತದೆ. ಅವುಗಳಿಗೆ ಬೇರೆ ದಾರಿ ಬೇಕು; ಅಡ್ಡಹಾಯಲೇಬೇಕಾದರೆ ಲಂಬವಾಗಿ ಹಾಯಬೇಕು.

ಇಷ್ಟಾದರೂ ಮುಖ್ಯವಾದ ಒಂದು ಮಾತು ಉಳಿದಿದೆ. ತೆರೆದ ಸ್ವಿಚ್ಚಿಗೂ ಕಡಿದ ತಂತಿಗೂ ಇರುವ ಭೇದ ಸಾಮಾನ್ಯ ಮಾಡ್ಯೂಲಿಗೆ ತಿಳಿಯದು. ಎರಡೂ ಅದರ ಪಾಲಿಗೆ ‘ಇಲ್ಲ’. ನದಿಯಲ್ಲಿ ತೇಲುವ ಬುರುಡೆಯೊಂದನ್ನು ಇರಿಸಿ, ನೀರು ಏರಿದಾಗ ವಿದ್ಯುತ್ತು ಹರಿಯುವಂತೆ ಏರ್ಪಡಿಸಿದರೆಂದು ಭಾವಿಸೋಣ. ಇಲಿ ತಂತಿಯನ್ನು ಕಡಿದರೆ ಪ್ರವಾಹ ಬಂದರೂ ಗಂಟೆ ಬಾರಿಸದು. ಮಲಗಿದವರು ಮಲಗಿಯೇ ಇರುವರು. ಆದುದರಿಂದ ಬಲ್ಲವರು ಇದನ್ನು ತಿರುವುಮುರುವು ಮಾಡುವರು: ಕ್ಷೇಮವಿರುವಷ್ಟು ಕಾಲವೂ ವಿದ್ಯುತ್ತು ಹರಿಯುತ್ತಿರಬೇಕು, ಅದು ನಿಂತೊಡನೆ ಗಂಟೆ ಬಾರಿಸಬೇಕು. ಆಗ ತಂತಿ ಕಡಿದರೂ, ಫ್ಯೂಸು ಹೋದರೂ ಗಂಟೆ ಕೂಗುತ್ತದೆ. ಒಂದು ರಾತ್ರಿಯ ನಿದ್ದೆ ಕೆಡಬಹುದು, ಜೀವ ಉಳಿಯುತ್ತದೆ. ಈ ಗಂಟೆಗೆ ಬೇಸತ್ತು ಸ್ವಿಚ್ಚಿನ ಎರಡು ತುದಿಗಳಿಗೆ ತುಂಡುತಂತಿ ಬಿಗಿದು ಅದರ ಬಾಯಿ ಮುಚ್ಚಿಸುವವನು ಮಾಡುವ ಅಪರಾಧ ಸಣ್ಣದಲ್ಲ.

ಗಂಗಾವತಿಯ ಅಕ್ಕಿ ಗಿರಣಿಗಳಂಥ ಸ್ಥಳಗಳಲ್ಲಿ ಯಂತ್ರ ನಿಲ್ಲಿಸುವ ಗುಂಡಿಗೂ ಇದೇ ನಿಯಮ ಸಲ್ಲುತ್ತದೆ. ಅಷ್ಟೇ ಅಲ್ಲ, ಓಡುವ ಪಟ್ಟಿಗೆ ಕೈ ಸಿಕ್ಕಿದವನ ತುರ್ತು ಗುಂಡಿಯನ್ನು ಸಾಮಾನ್ಯ ಮಾಡ್ಯೂಲಿನ ವಿವೇಕವೊಂದಕ್ಕೇ ಒಪ್ಪಿಸಲಾಗದು. ಸುರಕ್ಷಾ ರಿಲೇಯ ಮೂಲಕ ಅದು ಮೋಟಾರಿನ ವಿದ್ಯುತ್ತನ್ನು ತಾನಾಗಿಯೇ ಕಡಿಯಬೇಕು. ಕಂಟ್ರೋಲರಿಗೆ ಸುದ್ದಿ ಮುಟ್ಟಿದರೆ ಸಾಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆ ಅವಘಡಕ್ಕೂ ತಂತಿ ಜೋಡಣೆಗೂ ಸಂಬಂಧವಿಲ್ಲ. ಆದರೂ ಜೋಡಿಸುವವನು ಅದರಿಂದ ಕಲಿಯಬೇಕಾದುದುಂಟು. ಬಾಗಿಲು ಮುಚ್ಚಿದೆಯೆ ಎಂಬುದನ್ನು ಎತ್ತುವ ಮೋಟಾರಿನಿಂದಷ್ಟೇ ಕೇಳಿ ತಿಳಿಯುವ ವ್ಯವಸ್ಥೆ, ಸರಪಳಿ ಹರಿದ ಮೇಲೂ ‘ಮುಚ್ಚಿದೆ’ ಎಂದೇ ಸಾರುತ್ತಿರುತ್ತದೆ. ಸ್ವಿಚ್ಚು ಬಾಗಿಲನ್ನೇ ಮುಟ್ಟಿ ನೋಡುವಂತಿರಬೇಕು.

ಕೆಲಸ ಮುಗಿಯಿತೆಂದು ಸಲಕರಣೆ ಕಟ್ಟುವ ಮುನ್ನ ಕೈಯಿಂದಲೇ ಬುರುಡೆಯನ್ನೆತ್ತಿ ಮಾಡ್ಯೂಲಿನ ದೀಪವನ್ನು ನೋಡಬೇಕು. ತಂತಿಯೊಂದನ್ನು ಬೇಕೆಂದೇ ಬಿಚ್ಚಿ, ಗಂಟೆ ಕೂಗುವುದನ್ನು ಕಿವಿಯಾರೆ ಕೇಳಬೇಕು. ಪ್ರತಿವರ್ಷ ಮುಂಗಾರಿಗೆ ಮೊದಲು ಈ ಪರೀಕ್ಷೆ ನಡೆಯಬೇಕು. ಹೊಳೆ ಏರಿದ ರಾತ್ರಿ ಪರೀಕ್ಷೆಗೆ ವೇಳೆಯಿರುವುದಿಲ್ಲ.