ಪುಟ್ಟನ ಮೊದಲ ಬೊಂಬೆ

ನಮ್ಮ ಪುಟ್ಟನಿಗೆ ಒಂದೂವರೆ ವರ್ಷ ತುಂಬಿದ ವಾರ. ಊಟಕ್ಕೆ ಕೂರಿಸಿದರೆ ತಾನು ತಿನ್ನುವುದು ಬಿಟ್ಟು, ಚಮಚ ಹಿಡಿದು ದಿಂಬಿಗೆ ಅನ್ನ ಮೆತ್ತುತ್ತಿದ್ದ. ಮೊದಲನೇ ದಿನ ಬೈದೆ. ಎರಡನೇ ದಿನ ಗೊಣಗಿಕೊಂಡೇ ದಿಂಬಿನ ಕವರ್ ಒಗೆದೆ. ಮೂರನೇ ದಿನ ಸುಮ್ಮನೆ ಬಾಗಿಲ ಹತ್ತಿರ ನಿಂತು ನೋಡಿದೆ. ಚಮಚವನ್ನು ದಿಂಬಿನ ಹತ್ತಿರ ಒಯ್ದು "ಆ... ಆ..." ಅಂತ ತಾನೂ ಬಾಯಿ ತೆರೆಯುತ್ತಿದ್ದ. ನಾನು ಅವನಿಗೆ ಉಣ್ಣಿಸುವಾಗ ಮಾಡುವುದೂ ಥೇಟ್ ಹಾಗೇ!

ಅವತ್ತೇ ರಾತ್ರಿ "ಇವನಿಗೊಂದು ಬೊಂಬೆ ತರಬೇಕು" ಅಂದೆ.

"ಗಂಡ್ಮಗೂಗೆ ಬೊಂಬೆ ಯಾಕಮ್ಮಾ? ಒಂದು ಕಾರೋ, ಚೆಂಡೋ ತಂದ್ಕೊಡು" ಅಂದರು ಅತ್ತೆ.

"ಕಾರಿಗೆ ಅನ್ನ ತಿನ್ಸೋಕಾಗುತ್ತೇನಮ್ಮಾ?" ಅಂದರು ನಮ್ಮವರು. ಪುಟ್ಟನಿಗೆ ಸ್ನಾನ ಮಾಡಿಸುವವರು, ಹೆಗಲ ಮೇಲೆ ಹಾಕಿಕೊಂಡು ಮಲಗಿಸುವವರು ಅವರೇ. ಅಪ್ಪ ಮಾಡುವುದನ್ನು ಮಗ ಆಟದಲ್ಲಿ ಮಾಡಿದರೆ ತಪ್ಪೇನು? ಅತ್ತೆ ಮತ್ತೇನೂ ಹೇಳಲಿಲ್ಲ, ಆದರೆ ಒಪ್ಪಿಕೊಳ್ಳಲೂ ಇಲ್ಲ.

ಮಕ್ಕಳ ಬೆಳವಣಿಗೆಯ ಹಂತಗಳ ಬಗ್ಗೆ ಅಮೆರಿಕದ ಸಿಡಿಸಿ ಸಂಸ್ಥೆ ಒಂದು ಪಟ್ಟಿ ಮಾಡಿದೆ. ಹದಿನೈದು ತಿಂಗಳ ಹೊತ್ತಿಗೆ ಮಗು ಬೊಂಬೆಯನ್ನೋ ಬೇರೆ ಆಟಿಕೆಯನ್ನೋ ಅಪ್ಪಿಕೊಳ್ಳುತ್ತದೆ, ಎರಡೂವರೆ ವರ್ಷದ ಹೊತ್ತಿಗೆ ಮರದ ತುಂಡನ್ನೇ ಊಟ ಅಂದುಕೊಂಡು ಬೊಂಬೆಗೆ ತಿನ್ನಿಸುತ್ತದೆ ಎಂದು ಅದರಲ್ಲಿದೆ. ಅಲ್ಲಿ ಗಂಡು ಮಗು, ಹೆಣ್ಣು ಮಗು ಅಂತ ಬೇರೆ ಬೇರೆ ಬರೆದಿಲ್ಲ.

ಅಂಗಡಿಯಲ್ಲಿ ಕಂಡಿದ್ದು

ಬೊಂಬೆ ತರುವುದು ಅರ್ಧ ಗಂಟೆ ಕೆಲಸ ಅಂದುಕೊಂಡು ಹೋಗಿದ್ದೆ. ಅಂಗಡಿಯಲ್ಲಿ ನೋಡಿದರೆ ಹೊಟ್ಟೆ ಒತ್ತಿದರೆ ಹಾಡುವ ಬೊಂಬೆ, ನಗುವ ಬೊಂಬೆ, ಅಳುವ ಬೊಂಬೆ, ಉಚ್ಚೆ ಹೊಯ್ಯುವ ಬೊಂಬೆ! ಕಣ್ಣು ಮುಚ್ಚಿ ತೆರೆಯುವ ಒಂದನ್ನು ಅಂಗಡಿಯವರು ಪುಟ್ಟನ ಮುಂದೆ ಹಿಡಿದರು. ಅದು ಪಟ್ಟಂತ ಕಣ್ಣು ಬಿಟ್ಟಿದ್ದೇ ತಡ, ಅವನು ಕಿಟಾರನೆ ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದ.

ಹಾಡುವ ಬೊಂಬೆಯನ್ನು ನಾನೇ ಪಕ್ಕಕ್ಕಿಟ್ಟೆ. ಅದು ಹಾಡುತ್ತಿದ್ದರೆ ಮಗು ಸುಮ್ಮನೆ ಕೇಳುತ್ತದೆ. ಬೊಂಬೆ ಸುಮ್ಮನಿದ್ದರೆ ಮಗು ಹಾಡಬೇಕಾಗುತ್ತದೆ, ಅಳುವುದೂ ಸಮಾಧಾನ ಮಾಡುವುದೂ ಅದರದೇ ಕೆಲಸವಾಗುತ್ತದೆ. ಇನ್ನೊಂದು ಕಾರಣ ಅದರ ಒಳಗಿದ್ದ ಗುಂಡಿಯಂಥ ಪುಟ್ಟ ಬ್ಯಾಟರಿ. ಮಗು ಅದನ್ನು ನುಂಗಿದರೆ, ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗುವ ಅಪಾಯವಿದೆ. ಬ್ಯಾಟರಿ ಇರುವ ಆಟಿಕೆ ಮನೆಯಲ್ಲಿದ್ದರೆ, ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಅದು ಬಿಗಿಯಾಗಿದೆಯೇ ಅಂತ ಇವತ್ತೇ ನೋಡಿಬಿಡಿ.

ಆಮೇಲೆ ಒಂದೊಂದೇ ಬೊಂಬೆ ಎತ್ತಿಕೊಂಡು ಇಷ್ಟು ನೋಡಿದೆ:

ಕಣ್ಣು, ಮೂಗು, ಗುಂಡಿ: ಹೊಲಿದೋ ಅಂಟಿಸಿಯೋ ಇಟ್ಟ ಮಣಿಕಣ್ಣು ಬೇಡ. ಬಣ್ಣದಲ್ಲಿ ಬರೆದದ್ದು ಅಥವಾ ದಾರದಲ್ಲಿ ಕಸೂತಿ ಮಾಡಿದ್ದು ಒಳ್ಳೆಯದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ತುಂಡು ಮಗುವಿನ ಗಂಟಲಿಗೂ ಹೋಗಬಹುದು ಎಂಬ ಲೆಕ್ಕ. ಬೊಂಬೆಯ ಶೂ, ಕ್ಲಿಪ್, ಹಾಲಿನ ಬಾಟಲಿ ಎಲ್ಲಕ್ಕೂ ಈ ಮಾತು ಅನ್ವಯ.

ಕೂದಲು: ಉದ್ದ ಕೂದಲು ಬಾಯಿಗೆ ಹೋಗುತ್ತದೆ, ಬೆರಳಿಗೆ ಸುತ್ತಿಕೊಳ್ಳುತ್ತದೆ. ಮೊದಲ ಬೊಂಬೆ ಬೋಳುತಲೆಯದಾದರೇ ಚೆಂದ.

ತೂಕ: ಮಗು ಒಂದೇ ಕೈಯಲ್ಲಿ ಎಳೆದುಕೊಂಡು ಓಡಾಡುವಂತಿರಬೇಕು. ನಿಜವಾದ ಕೂಸಿನಷ್ಟೇ ತೂಕದ್ದು ನೋಡೋಕೆ ಮುದ್ದಾಗಿರುತ್ತೆ, ಆದರೆ ಎರಡೇ ದಿನಕ್ಕೆ ಮೂಲೆ ಸೇರುತ್ತೆ.

ಒಗೆಯಲು ಬರುತ್ತದೆಯೇ: ಅನ್ನ ಸಾರು ಮೆತ್ತಿಕೊಳ್ಳದ ಬೊಂಬೆ ಯಾರ ಮನೆಯಲ್ಲಿದೆ ಹೇಳಿ?

ಗುರುತು: 2021ರ ಜನವರಿ 1ರಿಂದ ನಮ್ಮಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬದ ಮೇಲೆ 0-3 ಅಂತ ಬರೆದು ಮಗುವಿನ ಮುಖದ ಮೇಲೆ ಅಡ್ಡಗೆರೆ ಎಳೆದಿದ್ದರೆ, ಅದು ಮೂರು ವರ್ಷ ತುಂಬದ ಮಗುವಿಗಲ್ಲ ಎಂದರ್ಥ. "ನಮ್ಮ ಮಗು ಚುರುಕು" ಅಂತ ಕೊಂಡುಬಿಡಬೇಡಿ. ಆ ಗುರುತು ಹಾಕುವುದು ಬುದ್ಧಿ ನೋಡಿ ಅಲ್ಲ, ಉಸಿರು ಕಟ್ಟುವಂಥ ಅಪಾಯ ಇರುವುದಕ್ಕೆ.

ಅವತ್ತು ಬರಿಗೈಯಲ್ಲೇ ಮನೆಗೆ ಬಂದೆವು. ಮುಂದಿನ ಭಾನುವಾರ ಮಂಡ್ಯಕ್ಕೆ ಹೋಗುವಾಗ ದಾರಿಯಲ್ಲಿ ಚನ್ನಪಟ್ಟಣದಲ್ಲಿ ಇಳಿದೆವು. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಏರಿಸಿದ ಬೊಂಬೆಗಳು ಕಣ್ಣಿಗೆ ಹಬ್ಬ. ಭೌಗೋಳಿಕ ಗುರುತು ಪಡೆದ ಕರಕುಶಲ ವಸ್ತುಗಳಾದ್ದರಿಂದ ಇವುಗಳಿಗೆ ಐಎಸ್‌ಐ ನಿಯಮದಿಂದ ವಿನಾಯಿತಿ ಇದೆ. ಹಾಗಾಗಿ ಚಿಕ್ಕ ತುಂಡುಗಳು ಬಿಚ್ಚಿಕೊಳ್ಳುತ್ತವೆಯೇ ಅಂತ ನಾವೇ ಎಳೆದು ನೋಡಬೇಕು. ಎಳೆಯುವ ಗಾಡಿಯೊಂದನ್ನು ಕೊಂಡೆವು. ಆದರೆ ಅಪ್ಪಿಕೊಂಡು ಮಲಗಲು ಮರ ಗಟ್ಟಿ, ಪುಟ್ಟ ಎತ್ತಿ ಎಸೆದರೆ ನಮ್ಮ ಕಾಲಿಗೇ ಪೆಟ್ಟು!

ಕೊನೆಗೆ ಸಿಕ್ಕಿದ್ದು ಬಟ್ಟೆಯ ಬೊಂಬೆ. ಒಂದಡಿ ಉದ್ದ, ಗೋಧಿ ಬಣ್ಣ, ದಾರದ ಕಣ್ಣು, ಬೋಳುತಲೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಾರನೇ ದಿನ ಬೆಳಗ್ಗೆ ನೋಡಿದರೆ ಅದರ ತಲೆ ಮೇಲೊಂದು ಕುಲಾವಿ ಇತ್ತು, ಅತ್ತೆಯ ಹಳೇ ಹತ್ತಿ ಸೀರೆಯದು. "ಬೋಳುತಲೆ ನೋಡೋಕಾಗ್ಲಿಲ್ಲ, ಅದಕ್ಕೆ ಹೊಲಿದೆ" ಅಂದರು, ಅಷ್ಟೇ. ಕಟ್ಟುವ ದಾರ ಮಾತ್ರ ಇಡಬೇಡಿ ಅಂತ ನಾನು ಕೇಳಿಕೊಂಡೆ. ಕುತ್ತಿಗೆಗೆ ಸುತ್ತಿಕೊಳ್ಳುವ ಯಾವ ದಾರವೂ ಚಿಕ್ಕ ಮಕ್ಕಳ ಕೈಗೆ ಒಳ್ಳೆಯದಲ್ಲ. ಹಾಗೆಯೇ, ಒಂದು ವರ್ಷ ತುಂಬದ ಕೂಸಿನ ಹಾಸಿಗೆಯಲ್ಲಿ ಮೆತ್ತನೆಯ ಬೊಂಬೆ ಇಡಲೇಬಾರದು ಅನ್ನುವುದು ಮಕ್ಕಳ ವೈದ್ಯರ ಮಾತು.

ಬೊಂಬೆ ಹೇಳಿದ ಚಾಡಿ

ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಬೊಂಬೆಗೆ "ಪಾಪು" ಅಂತ ಹೆಸರಾಯಿತು. ಪಾಪುಗೆ ಸ್ನಾನ, ಪಾಪುಗೆ ಜೋಜೋ, ಅಪ್ಪನ ಹಾಗೇ ಬೆನ್ನು ತಟ್ಟುವುದು. ನಾವೆಲ್ಲ ಮರೆಯಲ್ಲಿ ನಿಂತು ನೋಡಿ ನಗುತ್ತಿದ್ದೆವು.

ಒಂದು ಸಂಜೆ ಪುಟ್ಟ ಪಾಪುವನ್ನು ಗೋಡೆಗೆ ಒರಗಿಸಿ ಕೂರಿಸಿದ್ದ. ಚಮಚ ಬಾಯಿಗಿಟ್ಟ. ಪಾಪು ತಿನ್ನಲಿಲ್ಲ. ಹುಬ್ಬು ಗಂಟಿಕ್ಕಿ, ಬೆರಳೆತ್ತಿ, ಕತ್ತಲಾಗಿದ್ದ ಕಿಟಕಿ ಕಡೆ ತೋರಿಸಿ "ಗುಮ್ಮ! ಗುಮ್ಮ!" ಅಂದ. ಆಮೇಲೆ ಪಾಪುವಿನ ಕೈಗೆ ಪಟ್ ಅಂತ ಒಂದೇಟು.

ಅವನ ಮುಖದಲ್ಲಿದ್ದುದು ನನ್ನದೇ ಮುಖ.

ನಾನು ಹೊಡೆಯುವವಳಲ್ಲ ಅಂತ ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೋ. ಆದರೆ ಆಫೀಸಿನಿಂದ ಸುಸ್ತಾಗಿ ಬಂದ ರಾತ್ರಿಗಳಲ್ಲಿ, ಅವನು ಚಮಚ ತಳ್ಳಿದಾಗ ಕೈ ಮೇಲೊಂದು ಪುಟ್ಟ ಏಟು, ಕಿಟಕಿ ಕಡೆಗೊಂದು ಗುಮ್ಮ. ಅದು ನನಗೆ ಲೆಕ್ಕಕ್ಕೇ ಬಂದಿರಲಿಲ್ಲ. ಅವನಿಗೆ ಬಂದಿತ್ತು. ಸಂಜೆಯಾದರೆ ಅವನು ಆ ಕಿಟಕಿ ಹತ್ತಿರ ಯಾಕೆ ಹೋಗುತ್ತಿರಲಿಲ್ಲ ಅನ್ನುವುದೂ ಆಗಲೇ ನನಗೆ ಹೊಳೆದಿದ್ದು.

ಅಡುಗೆಮನೆಯಲ್ಲಿ ಅಳುತ್ತಾ ನಿಂತಿದ್ದಾಗ ಅತ್ತೆ ಬಂದರು. "ನಾನೂ ನಿನ್ನ ಗಂಡನಿಗೆ ಹಂಗೇ ಹೆದರಿಸ್ತಿದ್ದೆ ಕಣಮ್ಮಾ. ಆಗ ಅವನ ಹತ್ರ ಬೊಂಬೆ ಇರ್ಲಿಲ್ಲ, ನಂಗೆ ಗೊತ್ತಾಗ್ಲಿಲ್ಲ" ಅಂದರು.

ಗುಮ್ಮನನ್ನು ಅವತ್ತೇ ಮನೆಯಿಂದ ಕಳಿಸಿದ್ದಾಯಿತು. ಈಗ ಊಟಕ್ಕೆ ಮುಕ್ಕಾಲು ಗಂಟೆ ಬೇಕು. ಪಾಪುವೂ ಪಕ್ಕದಲ್ಲೇ ಕೂರುತ್ತದೆ. ಅದಕ್ಕೊಂದು ತುತ್ತು, ಇವನಿಗೊಂದು ತುತ್ತು. ಸಾಕು ಅಂತ ಪುಟ್ಟ ತಲೆಯಾಡಿಸಿದರೆ ತಟ್ಟೆ ಎತ್ತಿಬಿಡುತ್ತೇನೆ. ಕೆಲವು ರಾತ್ರಿ ನಾಲ್ಕೇ ತುತ್ತು ತಿಂದು ಮಲಗುತ್ತಾನೆ, ನನಗೆ ನಿದ್ದೆ ಬರುವುದಿಲ್ಲ. ಬೆಳಗ್ಗೆ ಎದ್ದು ಒಂದೂವರೆ ಇಡ್ಲಿ ತಿನ್ನುತ್ತಾನೆ.

ನಿಮ್ಮ ಮನೆಯ ಮಗುವಿಗೂ ಬೊಂಬೆ ತರುವ ಯೋಚನೆ ಇದ್ದರೆ ಸಾದಾ ಬೊಂಬೆಯನ್ನೇ ತನ್ನಿ. ಆಮೇಲೆ ಆಗಾಗ, ಮಗುವಿಗೆ ಗೊತ್ತಾಗದ ಹಾಗೆ, ಬಾಗಿಲ ಹತ್ತಿರ ನಿಂತು ನೋಡಿ. ಮೊನ್ನೆ ಪುಟ್ಟ ಪಾಪುವಿಗೆ ಚಮಚ ಹಿಡಿದು, ಸ್ವಲ್ಪ ಹೊತ್ತು ಕಾದು, "ಬೇಡ್ವಾ? ಸಯಿ" ಅಂತ ತಟ್ಟೆ ಎತ್ತಿಟ್ಟ.