ಅಡಿಕೆಗೆ ಹೆಚ್ಚುವರಿ ಪೊಟ್ಯಾಷ್: ತೋಟದ ಲೆಕ್ಕವನ್ನು ಎಷ್ಟು ನಂಬಬಹುದು?

ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳ ಜಂಬಿಟ್ಟಿಗೆ ಮಣ್ಣಿನಿಂದ ಮಳೆಗಾಲದಲ್ಲಿ ಪೊಟ್ಯಾಷ್ ಬಸಿದುಹೋಗುತ್ತದೆ. ಫಸಲು ನೀಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100:40:140 ಗ್ರಾಂ ಸಾರಜನಕ, ರಂಜಕ, ಪೊಟ್ಯಾಷ್ ಶಿಫಾರಸು ಮಾಡಲಾಗಿದೆ. ಇದಕ್ಕಿಂತ ಹೆಚ್ಚು ಪೊಟ್ಯಾಷ್ ಕೊಟ್ಟು ನೋಡಿದ ಕೃಷಿಕರು ಸಾಮಾನ್ಯವಾಗಿ ಒಂದೇ ಸಂಖ್ಯೆ ಹೇಳುತ್ತಾರೆ. ಉದಾಹರಣೆಗೆ, 100 ಗ್ರಾಂ ಹೆಚ್ಚುವರಿ ಗೊಬ್ಬರಕ್ಕೆ ಮರವೊಂದಕ್ಕೆ 0.3 ಕಿ.ಗ್ರಾಂ ಅಧಿಕ ಚಾಲಿ. ಇಳುವರಿಯು ಮರದಿಂದ ಮರಕ್ಕೆ ಏರುಪೇರಾಗುವುದರಿಂದ ಈ ಅಂದಾಜಿನ ವ್ಯಾಪ್ತಿಯನ್ನೂ ತಿಳಿಯಬೇಕು.

ಪ್ರತಿ ಮರದ ಗೊಬ್ಬರದ ಪ್ರಮಾಣ ಹಾಗೂ ಇಳುವರಿಯನ್ನು ಒಂದೇ ಚೀಟಿಯಲ್ಲಿ ಬರೆಯಿರಿ. 40 ಮರಗಳಿದ್ದರೆ, ಎತ್ತಿದ ಚೀಟಿಯನ್ನು ಗುರುತಿಸಿಕೊಂಡು ಮರಳಿ ಹಾಕುತ್ತಾ 40 ಬಾರಿ ಎತ್ತಿ, 100 ಗ್ರಾಂಗೆ ದೊರೆತ ಹೆಚ್ಚಳವನ್ನು ಹೊಸದಾಗಿ ಲೆಕ್ಕಹಾಕಬೇಕು. ಹೀಗೆ 1000 ಬಾರಿ (ಕಂಪ್ಯೂಟರಿಗೆ ಇದು ಕ್ಷಣದ ಕೆಲಸ). ಉತ್ತರಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಎರಡೂ ತುದಿಗಳಿಂದ 25ರಂತೆ ಬಿಟ್ಟರೆ ಉಳಿಯುವುದು ಸುಮಾರು ಶೇ. 95ರ ವ್ಯಾಪ್ತಿ.

ಅದು −0.1ರಿಂದ 0.7 ಆಗಿದ್ದರೆ ಹಣ ಹೂಡಲು ಆಧಾರ ಸಾಲದು. 0.2ರಿಂದ 0.4 ಆಗಿದ್ದರೆ, 0.2 ಕಿ.ಗ್ರಾಂ ಚಾಲಿಯ ಬೆಲೆಯನ್ನು ಗೊಬ್ಬರದ ಖರ್ಚಿನೊಂದಿಗೆ ಹೋಲಿಸಿರಿ. ಗೊಬ್ಬರವನ್ನು ತಾಕುವಾರು ಬದಲಿಸಿದ್ದಲ್ಲಿ ಚೀಟಿಯೂ ತಾಕಿಗೊಂದರಂತೆ ಇರಲಿ. ಇಲ್ಲವಾದರೆ ವ್ಯಾಪ್ತಿಯು ಇರುವುದಕ್ಕಿಂತ ಕಿರಿದಾಗಿ ಕಾಣುತ್ತದೆ. ಹಳದಿ ಎಲೆ ರೋಗವಿರುವ ಮರಗಳನ್ನು ಪ್ರಯೋಗಕ್ಕೆ ಮೊದಲೇ ಗುರುತಿಸಿ ಪ್ರತ್ಯೇಕಿಸುವುದು ಸೂಕ್ತ.