ಸೈಕಲ್ಲಿಗೆ ಮೋಟಾರು

ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006ರಿಂದ ಹಲವು ವರ್ಷ ಸೈಕಲ್ ಕೊಟ್ಟಿತು. ಅಂಥ ಸೈಕಲ್ ನಿಮ್ಮ ಮನೆಯ ಮೂಲೆಯಲ್ಲೂ ಇರಬಹುದು. ಅದಕ್ಕೆ ಮೋಟಾರು ಕೂಡಿಸಲು ಬರುತ್ತದೆ. ಮೋಟಾರಿನ ಚಕ್ರ, ಬ್ಯಾಟರಿ, ವಾಯರ್ ಎಲ್ಲ ಸೇರಿದ ಸಾಮಾನಿಗೆ ಕಿಟ್ ಅನ್ನುತ್ತಾರೆ.

“ಲೈಸೆನ್ಸ್ ಬೇಕೇನ್ರೀ?” ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿ.ಮೀ. ದಾಟಬಾರದು. ಸರ್ಕಾರದ ಒಪ್ಪಿಗೆಯೂ ಇರಬೇಕು. ಇಷ್ಟಿದ್ದರೆ ಲೈಸೆನ್ಸ್ ಬೇಡ. ಒಪ್ಪಿಗೆ ಪತ್ರ ತೋರಿಸಿರಿ ಎಂದು ಅಂಗಡಿಯಲ್ಲಿ ಕೇಳಿರಿ.

ಈಗ ನಿಮಗೆ ಅಂಕಿ ಓದಲು ಬರುತ್ತದೆ. ಟೈರಿನ ಮೇಲೆ ನೋಡಿರಿ. 24 ಅಥವಾ 26 ಎಂದು ಇರುತ್ತದೆ. ಕಿಟ್ಟಿನ ಚಕ್ರವೂ ಅದೇ ಅಳತೆಯದು ಬೇಕು. ಮೋಟಾರು 36 ವೋಲ್ಟ್ ಇದ್ದರೆ ಬ್ಯಾಟರಿಯೂ 36 ವೋಲ್ಟ್ ಇರಬೇಕು. ಅದರ ಚಾರ್ಜರ್ ಮೇಲೆ ಸಾಮಾನ್ಯವಾಗಿ 42 ಎಂದು ಇರುತ್ತದೆ. ಗಾಬರಿ ಬೇಡ, ಅದು ಸರಿ. ಕಿಟ್ಟಿನ ಜೊತೆ ಬಂದ ಚಾರ್ಜರನ್ನೇ ಬಳಸಿರಿ.

36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ತುಂಬಲು ಅರ್ಧ ಯೂನಿಟ್ ಕರೆಂಟ್ ಸಾಕು. ಅದರಲ್ಲಿ ಸುಮಾರು 25-30 ಕಿ.ಮೀ. ಓಡುತ್ತದೆ. ಟಿಕೋಟಾದಿಂದ ವಿಜಯಪುರಕ್ಕೆ ಸುಮಾರು 20 ಕಿ.ಮೀ. ಹೋಗಿ ಬಂದರೆ 40. ಅಂದರೆ ಪೆಡಲ್ ತುಳಿಯುತ್ತ ಹೋಗಬೇಕು. ಇಲ್ಲವೇ ವಿಜಯಪುರದಲ್ಲಿ ಚಾರ್ಜಿಗೆ ಹಚ್ಚಬೇಕು.

ಜೋಡಿಸುವ ಕೆಲಸ ಸೈಕಲ್ ಅಂಗಡಿಯವರು ಮಾಡಲಿ. ನೀವು ಎದುರಿಗೆ ನಿಂತು ನೋಡಿರಿ. ಬೀಸುವ ಕಲ್ಲು ನಿಮಗೆ ಗೊತ್ತು. ಮೇಲಿನ ಕಲ್ಲು ತಿರುಗಬೇಕು, ಕೆಳಗಿನದು ಅಲುಗಬಾರದು. ಇಲ್ಲಿಯೂ ಹಾಗೇ. ಚಕ್ರ ತಿರುಗಬೇಕು, ನಡುವಿನ ಅಚ್ಚು ತಿರುಗಬಾರದು. ಅಚ್ಚು ತಿರುಗಿದರೆ ವಾಯರ್ ಸುತ್ತಿಕೊಂಡು ಹರಿಯುತ್ತದೆ. ಚಕ್ರವೇ ಕಳಚಬಹುದು. ಅದಕ್ಕೇ ಅಚ್ಚಿಗೆ ಕಬ್ಬಿಣದ ಪಟ್ಟಿ ಹಾಕುತ್ತಾರೆ. ಪಟ್ಟಿಯ ಇನ್ನೊಂದು ತುದಿಯನ್ನು ಸೈಕಲ್ಲಿಗೆ ಬಿಗಿಯುತ್ತಾರೆ. “ಪಟ್ಟಿ ಹಾಕೀರೇನ್ರೀ?” ಎಂದು ಕೇಳಲು ನಾಚಬೇಡಿರಿ. ವಾರಕ್ಕೊಮ್ಮೆ ಪಾನಾ ಹಿಡಿದು ಎರಡೂ ಕಡೆಯ ನಟ್ ನೋಡಿರಿ.

ಮೋಟಾರು ಓಡದಿದ್ದರೆ ಕೂಡಲೇ ದುಡ್ಡು ಖರ್ಚು ಮಾಡಬೇಡಿರಿ. ಬ್ಯಾಟರಿಯ ಸ್ವಿಚ್ ಹಾಕಿದೆಯೇ? ಹ್ಯಾಂಡಲ್ ಮೇಲಿನ ದೀಪ ಹತ್ತಿದೆಯೇ? ಆಮೇಲೆ ಬ್ರೇಕ್ ನೋಡಿರಿ. ಬ್ರೇಕ್ ಹಿಡಿದರೆ ಮೋಟಾರು ನಿಲ್ಲುವಂತೆ ಅದರೊಳಗೆ ಸಣ್ಣ ಸ್ವಿಚ್ ಇರುತ್ತದೆ. ಹಿಡಿಕೆ ಪೂರ್ತಿ ಹಿಂದಕ್ಕೆ ಬರದಿದ್ದರೆ ಮೋಟಾರು ಓಡೂದಿಲ್ಲ. ಕೈಯಿಂದ ಹಿಂದಕ್ಕೆ ತಂದು ನೋಡಿರಿ. ಎಷ್ಟೋ ಸಲ ಇದೇ ಕಾರಣ.

ಗುರ್‌ಗುರ್ ಎಂದು ನಡುಗಿ ನಿಂತರೆ ಮೋಟಾರಿನ ವಾಯರ್ ಸಡಿಲಾಗಿರಬಹುದು. ಸ್ವಿಚ್ ತೆಗೆದು, ಜೋಡಣೆಯ ಮೇಲಿನ ಬಾಣದ ಗುರುತು ಕೂಡಿಸಿ, ಒತ್ತಿರಿ. ಆದರೂ ಓಡದಿದ್ದರೆ ಅಂಗಡಿಗೆ ಒಯ್ಯಿರಿ.

ಎರೆ ಮಣ್ಣಿನ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿರಿ. ಪೈಪ್ ಹಿಡಿದು ನೀರು ಹೊಡೆಯಬೇಡಿರಿ. ನಮ್ಮ ಕಡೆ ಬ್ಯಾಸಗಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬ್ಯಾಟರಿಯನ್ನು ನೆರಳಿಗಿಡಿರಿ, ಆರಿದ ಮೇಲೆ ಚಾರ್ಜಿಗೆ ಹಚ್ಚಿರಿ. ಮಲಗುವ ಕೋಣೆಯಲ್ಲಿ ರಾತ್ರಿಯೆಲ್ಲ ಹಚ್ಚಿ ಬಿಡಬೇಡಿರಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಚ್ಚಲೇಬೇಡಿರಿ. ಮನೆಯ ಹೊರಗಿಟ್ಟು ಅಂಗಡಿಯವರಿಗೆ ತಿಳಿಸಿರಿ.